ನೇಕಾರ್ತಿ ಹುವಾಂಗ್ ದಾವ್‌ಪೊ: ಧಾರಾವಾಹಿ ಮತ್ತು ನಿಜ ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಐತಿಹಾಸಿಕ ಧಾರಾವಾಹಿ ಅಂದರೆ ಅರಮನೆ, ರಾಣಿಯರ ಪೈಪೋಟಿ, ಕತ್ತಿ ಕಾಳಗ ಎಂದುಕೊಂಡವರೇ ಜಾಸ್ತಿ. ‘ಎ ವೀವರ್ ಆನ್ ದ ಹೊರೈಜನ್’ ಹಾಗಲ್ಲ. ಅದರ ನಾಯಕಿ ಹತ್ತಿ ನೂಲುವ, ಬಟ್ಟೆ ನೇಯುವ ಒಬ್ಬ ಹೆಂಗಸು. ನಿಜವಾಗಿ ಬದುಕಿದ್ದವಳು. ನೋಡಿದವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಧಾರಾವಾಹಿಗಿಂತ ಅದರ ಹಿಂದಿನ ಇತಿಹಾಸದ ಮಾತೇ ಇಲ್ಲಿ ಹೆಚ್ಚು. ನನಗೆ ಅದೇ ಹೆಚ್ಚು ಇಷ್ಟ.

ಇದು ಯಾವ ಧಾರಾವಾಹಿ? ಯಾರು ನಟಿಸಿದ್ದಾರೆ?

ಚೀನೀ ಭಾಷೆಯಲ್ಲಿ ಇದರ ಹೆಸರು ‘ತಿಯೆನ್‌ಯಾ ಜಿನ್ಯು’. 2010ರಲ್ಲಿ ಚೀನಾದ ಸರ್ಕಾರಿ ವಾಹಿನಿ ಸಿಸಿಟಿವಿಯಲ್ಲಿ ಪ್ರಸಾರವಾಯಿತು. ಹುವಾಂಗ್ ದಾವ್‌ಪೊ ಪಾತ್ರ ಮಾಡಿದವರು ತೈವಾನ್‌ನ ನಟಿ ಜನೀನ್ ಚಾಂಗ್.

ಹುವಾಂಗ್ ದಾವ್‌ಪೊ ಯಾರು?

ಸುಮಾರು 1245ರಲ್ಲಿ ಹುಟ್ಟಿದವಳು ಎಂದು ಹೇಳುತ್ತಾರೆ. ಊರು ಸೋಂಗ್‌ಜಿಯಾಂಗ್ ಪ್ರಾಂತದ ವೂನಿಜಿಂಗ್. ಇಂದು ಆ ಜಾಗ ಶಾಂಘಾಯ್ ನಗರದ ಒಳಗೇ ಇದೆ, ಶೂಹುಯ್ ಜಿಲ್ಲೆಯ ಹುವಾಜಿಂಗ್ ಎಂಬಲ್ಲಿ. ಆಗ ಶಾಂಘಾಯ್ ಎಂಬ ಮಹಾನಗರ ಇರಲಿಲ್ಲ. ವೂನಿಜಿಂಗ್ ಒಂದು ಬಡ ಹಳ್ಳಿ. ನೆಲ ಸತ್ವವಿಲ್ಲದ್ದು, ಬೆಳೆದದ್ದು ಊಟಕ್ಕೇ ಸಾಲುತ್ತಿರಲಿಲ್ಲ.

ಚಿಕ್ಕ ವಯಸ್ಸಿನಲ್ಲೇ ಆಕೆ ಊರು ಬಿಟ್ಟು ದಕ್ಷಿಣದ ಹಾಯ್‌ನಾನ್ ದ್ವೀಪದ ಯಾಜೌ ಸೇರಿದಳು. ಅಲ್ಲಿ ಹಲವು ವರ್ಷ ಇದ್ದು, ಹತ್ತಿಯ ಕೆಲಸ ಕಲಿತಳು. 1295ರಿಂದ 1297ರ ನಡುವೆ ಹಡಗು ಹತ್ತಿ ಹುಟ್ಟೂರಿಗೆ ಮರಳಿದಳು. ಬಂದ ಮೇಲೆ ಹತ್ತಿಯಿಂದ ಬೀಜ ಬಿಡಿಸುವುದು, ಹಿಂಜುವುದು, ನೂಲುವುದು, ಬಣ್ಣದ ನೂಲು ಹೊಂದಿಸಿ ಚಿತ್ತಾರ ನೇಯುವುದು, ಎಲ್ಲವನ್ನೂ ಊರಿನ ಹೆಂಗಸರಿಗೆ ಕಲಿಸಿದಳು. ಸೋಂಗ್‌ಜಿಯಾಂಗ್ ಮುಂದೆ ಇಡೀ ಚೀನಾಕ್ಕೆ ಹತ್ತಿ ಬಟ್ಟೆ ಒದಗಿಸುವ ನಾಡಾಯಿತು.

ಆಕೆಯ ಕಥೆಗೆ ಆಧಾರ ಏನಿದೆ?

ಹಳೆಯ ಆಧಾರಗಳಲ್ಲಿ ಮುಖ್ಯವಾದವು ಎರಡು. ಎರಡೂ ಚಿಕ್ಕವು. ಆಕೆ ತೀರಿಕೊಂಡು ಬಹುಕಾಲದ ಮೇಲೆ ಬರೆದವು.

ಮೊದಲನೆಯದು ತಾವ್ ಜೋಂಗ್‌ಯಿ ಎಂಬ ವಿದ್ವಾಂಸನ ಟಿಪ್ಪಣಿ. 1366ರ ಸುಮಾರಿಗೆ ಸಿದ್ಧವಾದ ಆತನ ಪುಸ್ತಕದಲ್ಲಿದೆ. ಆತ ಸೋಂಗ್‌ಜಿಯಾಂಗ್ ಕಡೆ ನೆಲೆಸಿದ್ದವನು, ಹಾಗಾಗಿ ಊರವರ ನೆನಪು ಅವನ ಕಿವಿಗೆ ಬಿದ್ದಿತ್ತು. ಆಕೆ ಬರುವ ಮುಂಚೆ ಊರವರು ಕೈಯಿಂದಲೇ ಬೀಜ ಬಿಡಿಸುತ್ತಿದ್ದರು, ದಾರ ಕಟ್ಟಿದ ಸಣ್ಣ ಬಿದಿರಿನ ಬಿಲ್ಲನ್ನು ಮೇಜಿನ ಮೇಲಿಟ್ಟು ಹತ್ತಿ ಹಿಂಜುತ್ತಿದ್ದರು, ಅದು ಬಹಳ ಕಷ್ಟದ ಕೆಲಸವಾಗಿತ್ತು ಎನ್ನುತ್ತಾನೆ. ಯಾಜೌದಿಂದ ಬಂದ ಹುವಾಂಗ್ ದಾವ್‌ಪೊ ಎಂಬ ಮುದುಕಿ ಉಪಕರಣ ಮಾಡುವುದನ್ನೂ ಬಳಸುವುದನ್ನೂ ಕಲಿಸಿದಳು. ಆಕೆ ಸತ್ತಾಗ ಊರವರೆಲ್ಲ ಅತ್ತು, ಒಟ್ಟಾಗಿ ಮಣ್ಣು ಮಾಡಿ, ಗುಡಿ ಕಟ್ಟಿದರು. ಆ ಗುಡಿ ಹಾಳಾಯಿತು, ಮತ್ತೆ ಕಟ್ಟಿದರು, ಮತ್ತೆ ಹಾಳಾಯಿತು. ಹೀಗೇ ಆದರೆ ಆಕೆಯ ಹೆಸರೇ ಅಳಿಸಿಹೋಗುತ್ತದೆ ಎಂಬ ಕೊರಗಿನಿಂದ ಆತ ಟಿಪ್ಪಣಿ ಮುಗಿಸುತ್ತಾನೆ.

ಎರಡನೆಯದು ವಾಂಗ್ ಫೆಂಗ್ ಎಂಬ ಕವಿಯ ಒಂದು ಕವನ ಮತ್ತು ಅದರ ಮುನ್ನುಡಿ. 1362ರಲ್ಲಿ ಗುಡಿಯನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಿದ ಸಂಗತಿ ಇದರಲ್ಲಿ ಬರುತ್ತದೆ. ಆಕೆ ವೂನಿಜಿಂಗ್‌ನವಳೇ, ಎಳೆವಯಸ್ಸಿನಲ್ಲಿ ದಿಕ್ಕುಗೆಟ್ಟು ಯಾಜೌ ಸೇರಿದ್ದಳು ಎಂದು ಹೇಳುವುದು ಇವನೇ. ಯಾಜೌದಲ್ಲೇ ಮುದುಕಿಯಾಗಲು ಆಕೆ ಒಪ್ಪಲಿಲ್ಲ ಎಂಬ ಸಾಲೂ ಇಲ್ಲಿದೆ. ಬಂದ ಮೇಲೆ ತಾನೇ ನೂತು ನೇಯ್ದು ಹೊಟ್ಟೆ ಹೊರೆದಳು, ಬೇರೆ ಮನೆಗಳ ಹೆಂಗಸರಿಗೆ ಬೇಸರವಿಲ್ಲದೆ ಕಲಿಸಿದಳು ಎಂದು ಬರೆದಿದ್ದಾನೆ. ಆಕೆಯ ಬದುಕಿನ ಬಗ್ಗೆ ನನಗೆ ಅತ್ಯಂತ ಮುಖ್ಯ ಅನಿಸುವುದು ಈ ಒಂದು ಮಾತು. ಆಕೆ ದೊಡ್ಡವಳಾದದ್ದು ಒಂದು ಯಂತ್ರದಿಂದಲ್ಲ, ಕಲಿಸಿದ್ದರಿಂದ.

ಹಾಗಾದರೆ ಧಾರಾವಾಹಿಯಲ್ಲಿ ನಿಜ ಎಷ್ಟು, ಕಟ್ಟುಕಥೆ ಎಷ್ಟು?

ಬೆನ್ನೆಲುಬು ನಿಜ. ವೂನಿಜಿಂಗ್, ಯಾಜೌ, ಹತ್ತಿಯ ಕೆಲಸ, ಮರಳಿ ಬಂದದ್ದು, ಕಲಿಸಿದ್ದು. ಉಳಿದದ್ದೆಲ್ಲ, ಅಂದರೆ ಮನೆಯವರು, ಮಾತುಕತೆ, ಪ್ರೀತಿಯ ಎಳೆ, ಇವನ್ನು ಬರಹಗಾರರು ಕಟ್ಟಲೇಬೇಕಿತ್ತು. ಹಳೆಯ ಬರಹಗಳಲ್ಲಿ ಆಕೆಯ ಗಂಡ, ಮಕ್ಕಳು, ತಂದೆ ತಾಯಿ ಯಾರ ಹೆಸರೂ ಇಲ್ಲ. ಆಕೆಯ ಹುಟ್ಟುಹೆಸರೂ ಇಲ್ಲ. ಹುವಾಂಗ್ ಮನೆತನದ ಹೆಸರು. ದಾವ್‌ಪೊ ಅಂದರೆ ತಾವೋ ಪಂಥದ ಅಜ್ಜಿ ಎಂಬಂಥ ಗೌರವದ ಕರೆ, ಅಷ್ಟೇ. ಕೆಲವೇ ಸಾಲುಗಳ ಬದುಕನ್ನು ಹತ್ತಾರು ಕಂತುಗಳಿಗೆ ಹಿಗ್ಗಿಸುವಾಗ ಕಲ್ಪನೆ ಬೇಕೇ ಬೇಕು. ಅದನ್ನು ತಪ್ಪು ಎನ್ನುವುದು ನ್ಯಾಯವಲ್ಲ. ಕಲ್ಪನೆಯನ್ನೇ ಇತಿಹಾಸ ಎಂದು ನಂಬಬಾರದು, ಅಷ್ಟೇ.

ಆಕೆ ಬಾಲ್ಯದಲ್ಲೇ ಮಾರಾಟವಾದ ಸೊಸೆ ಅನ್ನುತ್ತಾರಲ್ಲ, ನಿಜವಾ?

ಚೀನಾದ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ ಇದು. ಬಡತನಕ್ಕೆ ಹೆಣ್ಣುಮಗುವನ್ನು ಇನ್ನೊಂದು ಮನೆಗೆ ಕೊಟ್ಟುಬಿಡುವುದು. ಆ ಮನೆಯಲ್ಲೇ ಬೆಳೆದು, ದುಡಿದು, ಮುಂದೆ ಅಲ್ಲಿನ ಮಗನನ್ನು ಮದುವೆಯಾಗುವುದು. ಹೊಲದಲ್ಲಿ ದುಡಿದು ಬಂದವಳನ್ನು ಅತ್ತೆ ಮನೆಯವರು ಹೊಡೆದು ಕೂಡಿಹಾಕಿದರು, ರಾತ್ರಿ ಮಾಡು ಕೊರೆದು ತಪ್ಪಿಸಿಕೊಂಡು ನದಿಯಲ್ಲಿ ನಿಂತಿದ್ದ ಹಡಗಿನಲ್ಲಿ ಅಡಗಿದಳು ಎಂದು ಕಥೆ ಸಾಗುತ್ತದೆ.

ಮೇಲೆ ಹೇಳಿದ ಎರಡು ಹಳೆಯ ಬರಹಗಳಲ್ಲಿ ಇದು ಯಾವುದೂ ಇಲ್ಲ. ‘ದಿಕ್ಕುಗೆಟ್ಟು ಯಾಜೌ ಸೇರಿದಳು’ ಎಂಬಷ್ಟೇ ಇದೆ. ಉಳಿದದ್ದು ಜನರ ಬಾಯಲ್ಲಿ ಬೆಳೆದ ಕಥೆ. ಆದರೆ ಇದನ್ನು ಸುಮ್ನೆ ತಳ್ಳಿಹಾಕಲೂ ಆಗದು. ಆ ಪದ್ಧತಿ ಚೀನಾದಲ್ಲಿ ಶತಮಾನಗಳ ಕಾಲ ನಿಜವಾಗಿಯೂ ಇತ್ತು. 1950ರ ಮದುವೆ ಕಾನೂನು ಬಂದ ಮೇಲಷ್ಟೇ ಅದಕ್ಕೆ ಅಧಿಕೃತ ನಿಷೇಧ ಬಿತ್ತು. ಹಾಗೆ ನೊಂದ ಎಷ್ಟೋ ಹೆಣ್ಣುಮಕ್ಕಳ ಬದುಕು ಹುವಾಂಗ್ ದಾವ್‌ಪೊ ಹೆಸರಿನಲ್ಲಿ ಸೇರಿಕೊಂಡಿದೆ.

ಶಾಂಘಾಯ್ ಎಲ್ಲಿ, ಹಾಯ್‌ನಾನ್ ಎಲ್ಲಿ! ಅಷ್ಟು ದೂರ ಹೋಗಲು ಸಾಧ್ಯವಿತ್ತಾ?

ದೂರ ನಿಜಕ್ಕೂ ದೊಡ್ಡದು. ನೇರ ಅಳತೆಯಲ್ಲೇ ಸುಮಾರು 1,900 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗಿಂತ ಜಾಸ್ತಿ. ಕರಾವಳಿ ಹಿಡಿದು ಹೋಗುವ ಹಡಗಿಗೆ ಇನ್ನೂ ದೂರ. ಆದರೂ ಅಸಾಧ್ಯವೇನಲ್ಲ. ಸೋಂಗ್ ರಾಜವಂಶ ಮತ್ತು ಅದರ ನಂತರ ಬಂದ ಮಂಗೋಲರ ಯುವಾನ್ ರಾಜವಂಶದ ಕಾಲದಲ್ಲಿ ಚೀನಾದ ಕರಾವಳಿ ವ್ಯಾಪಾರ ತುಂಬ ಚುರುಕಾಗಿತ್ತು. ಮರಳಿ ಬಂದದ್ದೂ ಸಮುದ್ರದ ಹಡಗಿನಲ್ಲೇ ಎಂದು ವಾಂಗ್ ಫೆಂಗ್ ಸ್ಪಷ್ಟವಾಗಿ ಹೇಳುತ್ತಾನೆ.

ಕಾಲವನ್ನೂ ನೆನಪಿಡಬೇಕು. ಆಕೆಯ ಯೌವನದಲ್ಲಿ ದಕ್ಷಿಣ ಸೋಂಗ್ ರಾಜ್ಯ ಮಂಗೋಲರ ಕೈಗೆ ಕುಸಿಯುತ್ತಿತ್ತು. 1276ರಲ್ಲಿ ರಾಜಧಾನಿ ಶರಣಾಯಿತು. 1279ರಲ್ಲಿ ಕೊನೆಯ ನೌಕಾಯುದ್ಧದ ನಂತರ ರಾಜವಂಶವೇ ಮುಗಿಯಿತು. ಊರು ಬಿಟ್ಟವಳು ಒಂದು ಸಾಮ್ರಾಜ್ಯದ ಪ್ರಜೆ, ಮರಳಿ ಬಂದವಳು ಇನ್ನೊಂದರ ಪ್ರಜೆ. ಇನ್ನು ಹಾಯ್‌ನಾನ್ ಅಂದರೆ ಆಗಿನವರಿಗೆ ಭೂಮಿಯ ಕೊನೆ. ದೊರೆಗೆ ಬೇಡವಾದ ಅಧಿಕಾರಿಗಳನ್ನು ಗಡೀಪಾರು ಮಾಡುತ್ತಿದ್ದ ಜಾಗ. ಮಹಾಕವಿ ಸು ಶಿಯನ್ನು 1097ರಲ್ಲಿ ಅಟ್ಟಿದ್ದೂ ಈ ದ್ವೀಪಕ್ಕೇ.

ಆಕೆಗೆ ಕಲಿಸಿದವರು ಯಾರು?

ಹಾಯ್‌ನಾನ್‌ನ ಮೂಲನಿವಾಸಿಗಳಾದ ಲೀ ಜನರ ಹೆಂಗಸರು ಎಂಬುದು ಎಲ್ಲರೂ ಹೇಳುವ ಮಾತು. ಹಳೆಯ ಎರಡೂ ಬರಹಗಳು ‘ಯಾಜೌ’ ಎಂದು ಊರಿನ ಹೆಸರನ್ನಷ್ಟೇ ಹೇಳುತ್ತವೆ, ಲೀ ಜನರ ಹೆಸರು ಹೇಳುವುದಿಲ್ಲ. ಹೀಗಾಗಿ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ಹತ್ತಿ ನೇಯ್ಗೆಯಲ್ಲಿ ಆ ಕಾಲಕ್ಕೇ ಹೆಸರಾಗಿದ್ದ ಲೀ ಹೆಂಗಸರು ಇದ್ದ ದ್ವೀಪದಲ್ಲಿ ವರ್ಷಗಟ್ಟಲೆ ಇದ್ದವಳು ಅವರಿಂದ ಏನೂ ಕಲಿಯಲಿಲ್ಲ ಎಂದರೆ ನಂಬಲು ಕಷ್ಟ.

ಲೀ ಹೆಂಗಸರ ಮಗ್ಗ ನೋಡಲು ತೀರಾ ಸರಳ. ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲುಗಳ, ಒಂದು ತುದಿಯನ್ನು ಪಾದಗಳಿಂದ ಒತ್ತಿ ಹಿಡಿಯುತ್ತಾರೆ, ಇನ್ನೊಂದು ತುದಿ ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿರುತ್ತದೆ. ಮೈಯನ್ನು ಹಿಂದೆ ಮುಂದೆ ಬಾಗಿಸಿದರೆ ನೂಲು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ನೇಯುವವಳ ಮೈಯೇ ಮಗ್ಗದ ಚೌಕಟ್ಟು. ಇಷ್ಟರಲ್ಲೇ ಅವರು ತೆಗೆಯುವ ಚಿತ್ತಾರ ಬೆರಗು ಹುಟ್ಟಿಸುತ್ತದೆ. ಲೀ ಜನರಲ್ಲಿ ಐದು ಪಂಗಡಗಳು. ಮೇಫು ಪಂಗಡದವರು ಹಾಸಿನ ನೂಲನ್ನು ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ನೇಯುತ್ತಾರೆ. ರುನ್ ಪಂಗಡದವರ ಕಸೂತಿ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ. ಅವರ ಭಾಷೆಗೆ ಸ್ವಂತ ಲಿಪಿ ಇರಲಿಲ್ಲ. ಕುಲದ ನೆನಪು, ನಂಬಿಕೆ ಎಲ್ಲ ಬಟ್ಟೆಯ ಚಿತ್ತಾರದಲ್ಲೇ ಉಳಿಯಿತು. ತಾಯಿ ಮಗಳಿಗೆ ಕಲಿಸಿದಳು.

ಈ ಕಥೆಯಲ್ಲಿ ನನಗೆ ನೋವಾಗುವುದು ಇಲ್ಲೇ. ಕಲಿತವಳ ಹೆಸರು ಅರ್ಧವಾದರೂ ಉಳಿಯಿತು. ಕಲಿಸಿದವರಲ್ಲಿ ಒಬ್ಬರ ಹೆಸರೂ ಉಳಿಯಲಿಲ್ಲ. ಹುವಾಂಗ್ ದಾವ್‌ಪೊ ಬಗ್ಗೆ ಯಾರೇ ಹೇಳಿದರೂ ಇವರನ್ನು ಬಿಡಬಾರದು.

ಆಕೆ ನಿಜವಾಗಿ ಏನು ಬದಲಾಯಿಸಿದಳು?

ಹತ್ತಿ ಗಿಡದಿಂದ ಬಟ್ಟೆಯವರೆಗೆ ನಾಲ್ಕು ದೊಡ್ಡ ಕೆಲಸಗಳು. ಬೀಜ ಬಿಡಿಸುವುದು, ಹಿಂಜುವುದು, ನೂಲುವುದು, ನೇಯುವುದು. ತಾವ್ ಜೋಂಗ್‌ಯಿ ಪ್ರಕಾರ ನಾಲ್ಕಕ್ಕೂ ಬೇಕಾದ ಉಪಕರಣ ಮಾಡುವುದನ್ನು ಆಕೆ ಕಲಿಸಿದಳು.

ಬೀಜದಿಂದಲೇ ಶುರು ಮಾಡೋಣ. ಏಷ್ಯಾದ ಹತ್ತಿಯ ಬೀಜಕ್ಕೆ ಎಳೆ ಗಟ್ಟಿಯಾಗಿ ಅಂಟಿರುತ್ತದೆ. ಉಗುರಿನಿಂದ ಬಿಡಿಸುತ್ತಾ ಕೂತರೆ ದಿನವೆಲ್ಲ ಕೂತರೂ ಸ್ವಲ್ಪವೇ ಆಗುತ್ತದೆ. ಇದಕ್ಕೆ ಬಂದದ್ದು ಎರಡು ಉರುಳೆಗಳ ಗಾಣ. 1313ರಲ್ಲಿ ವಾಂಗ್ ಜೆನ್ ಎಂಬ ಅಧಿಕಾರಿ ಬರೆದ ಕೃಷಿ ಗ್ರಂಥದಲ್ಲಿ ಇದರ ವಿವರ ಇದೆ. ಇಬ್ಬರು ಎರಡು ಕಡೆಯಿಂದ ಉರುಳೆ ತಿರುಗಿಸುತ್ತಾರೆ, ಮೂರನೆಯವರು ಹತ್ತಿ ಕೊಡುತ್ತಾರೆ. ಬೀಜ ಒಳಗಡೆ ಬೀಳುತ್ತದೆ, ಅರಳೆ ಆಚೆ ಬರುತ್ತದೆ.

ಹಿಂಜುವ ಬಿಲ್ಲೂ ಬೆಳೆಯಿತು. ಮೇಜಿನ ಮೇಲಿಟ್ಟು ಬೆರಳಿನಿಂದ ಮೀಟುವ ಪುಟ್ಟ ಬಿಲ್ಲಿನ ಬದಲು ನಾಲ್ಕು ಅಡಿಯ, ಹುರಿಯ ಹೆದೆ ಕಟ್ಟಿದ ಬಿಲ್ಲು. ಅದನ್ನು ಬಡಿಯಲು ಕೊಡತಿ. ನಮ್ಮ ಕಡೆ ಪಿಂಜಾರರು ಗಾದಿಗೆ ಹತ್ತಿ ಹಿಂಜುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆದೆಯ ಕಂಪನಕ್ಕೆ ಅಂಟಿಕೊಂಡ ಎಳೆಗಳು ಬಿಡಿಬಿಡಿಯಾಗಿ ಉಬ್ಬುತ್ತವೆ, ಧೂಳು ಉದುರುತ್ತದೆ.

ನೂಲುವುದರಲ್ಲಿ ಮೂರು ಕದಿರಿನ (ಕದಿರು ಅಂದರೆ ನೂಲು ಹುರಿಗೊಂಡು ಸುತ್ತಿಕೊಳ್ಳುವ ಕಡ್ಡಿ) ಕಾಲ್ತುಳಿತದ ರಾಟೆ ಆಕೆಯ ಹೆಸರಿಗೆ ಅಂಟಿಕೊಂಡಿದೆ. ಅದರ ಬಗ್ಗೆ ಕೆಳಗೆ ಬೇರೆಯಾಗಿಯೇ ಹೇಳುತ್ತೇನೆ.

ನೇಯ್ಗೆಯಲ್ಲಿ ಆಕೆ ತಂದದ್ದು ಬಣ್ಣ ಮತ್ತು ಚಿತ್ತಾರ. ಮುರಿದ ಕೊಂಬೆಯ ಹೂ, ದುಂಡಾಗಿ ಸುತ್ತಿದ ಫೀನಿಕ್ಸ್ ಹಕ್ಕಿ, ಪಗಡೆ ಹಾಸಿನಂಥ ಚೌಕಳಿ, ಅಕ್ಷರಗಳು. ಕುಂಚದಲ್ಲಿ ಬರೆದಷ್ಟು ಸ್ಪಷ್ಟವಾಗಿದ್ದವಂತೆ. ಹೊದಿಕೆ, ಹಾಸಿಗೆ ಬಟ್ಟೆ, ಪಟ್ಟಿ, ವಸ್ತ್ರ ಎಲ್ಲ ಬೇರೆ ಊರುಗಳಿಗೆ ಮಾರಾಟವಾಗಿ ಬಡ ಹಳ್ಳಿಯ ಮನೆಗಳಲ್ಲಿ ನಾಲ್ಕು ಕಾಸು ಸೇರಿತು.

ಮೂರು ಕದಿರಿನ ರಾಟೆಯನ್ನು ಕಂಡುಹಿಡಿದದ್ದು ಆಕೆಯೇ?

ಹಾಗೆಂದು ಯಾವ ಹಳೆಯ ಬರಹವೂ ಹೇಳುವುದಿಲ್ಲ. ಪರಂಪರೆ ಹೇಳುತ್ತದೆ, ಶಾಲೆಯ ಪುಸ್ತಕಗಳು ಹೇಳುತ್ತವೆ. ವಾಂಗ್ ಜೆನ್‌ನ 1313ರ ಗ್ರಂಥದಲ್ಲಿ ಮೂರು ಕದಿರಿನ ಹತ್ತಿ ರಾಟೆಯ ಚಿತ್ರ ಇರುವುದು ನಿಜ. ಅದು ಆಕೆ ಮರಳಿ ಬಂದ ಹತ್ತಿಪ್ಪತ್ತು ವರ್ಷಗಳ ನಂತರದ್ದು. ಹಾಗಾಗಿ ಕಾಲ ಹೊಂದುತ್ತದೆ, ಸಾಕ್ಷಿ ಮಾತ್ರ ಇಲ್ಲ.

ರಾಟೆ ಯಾಕೆ ದೊಡ್ಡ ವಿಷಯ ಅಂದರೆ, ಕೈರಾಟೆಯಲ್ಲಿ ಒಂದು ಕೈ ಚಕ್ರ ತಿರುಗಿಸಬೇಕು, ಇನ್ನೊಂದು ಕೈ ಹಂಜಿಯಿಂದ, ಅಂದರೆ ಹಿಂಜಿದ ಹತ್ತಿಯ ಸುರುಳಿಯಿಂದ, ಎಳೆ ತೆಗೆಯಬೇಕು. ಒಂದು ಸಲಕ್ಕೆ ಒಂದೇ ನೂಲು. ಚಕ್ರದ ಕೆಲಸ ಕಾಲಿಗೆ ಹೋದರೆ ಎರಡೂ ಕೈ ಬಿಡುವಾಗುತ್ತವೆ. ನಾರಿನ ನೂಲಿಗೆ ಬಹು ಕದಿರಿನ ರಾಟೆ ಚೀನಾದಲ್ಲಿ ಮೊದಲೇ ಇತ್ತು. ಆದರೆ ನಾರು ಉದ್ದ, ಅದನ್ನು ಜೋಡಿಸಿ ಹುರಿ ಹಾಕಿದರೆ ಸಾಕು. ಹತ್ತಿಯ ಎಳೆ ಗಿಡ್ಡ. ಅದನ್ನು ಹದವಾಗಿ ಎಳೆಯುತ್ತಲೇ ಹುರಿ ಹಾಕಬೇಕು. ಸ್ವಲ್ಪ ಜೋರಾದರೂ ಪಟ್ಟನೆ ಹರಿಯುತ್ತದೆ. ಬೆರಳುಗಳ ಸಂದಿಯಲ್ಲಿ ಮೂರು ಹಂಜಿ ಹಿಡಿದು ಮೂರೂ ನೂಲು ಒಂದೇ ಹದದಲ್ಲಿ ಬರುವಂತೆ ಎಳೆಯುವುದು ದೊಡ್ಡ ಕಸುಬುಗಾರಿಕೆ.

‘ಇಂಗ್ಲೆಂಡಿನ ಸ್ಪಿನ್ನಿಂಗ್ ಜೆನ್ನಿಗಿಂತ 400 ವರ್ಷ ಮೊದಲೇ’ ಎನ್ನುವುದು ಸರಿಯಾ?

ಕಾಲದ ಲೆಕ್ಕ ಸರಿ. ಜೆನ್ನಿ ಅಂದರೆ ಒಂದೇ ಸಲಕ್ಕೆ ಹಲವು ನೂಲು ತೆಗೆಯುವ ಯಂತ್ರ, ಅದು ಬಂದದ್ದು 1760ರ ದಶಕದಲ್ಲಿ. ಆದರೆ ಹೋಲಿಕೆ ಸರಿಯಲ್ಲ. ಜೆನ್ನಿಯಲ್ಲಿ ಎಳೆ ಎಳೆಯುವ ಕೆಲಸವನ್ನು ಬೆರಳಿನ ಬದಲು ಮರದ ಹಿಡಿಕೆಪಟ್ಟಿ ಮಾಡುತ್ತಿತ್ತು. ಅದಕ್ಕೇ ಕದಿರುಗಳ ಸಂಖ್ಯೆ ಎಂಟರಿಂದ ಶುರುವಾಗಿ ಏರುತ್ತಾ ಹೋಯಿತು. ಚೀನಾದ ರಾಟೆ ಮನುಷ್ಯರ ಬೆರಳನ್ನೇ ನಂಬಿತ್ತು, ಮೂರು ನಾಲ್ಕು ಕದಿರು ದಾಟುವುದು ಕಷ್ಟ. ಯಾರು ಮೊದಲು ಎಂಬ ಪಂದ್ಯಕ್ಕೆ ಆಕೆಯನ್ನು ಎಳೆಯುವುದು ನನಗೆ ಹಿಡಿಸುವುದಿಲ್ಲ. ಒಂದು ಹಳ್ಳಿಯ ಹೆಂಗಸರ ಕೈಗೆ ಸಂಪಾದನೆ ತಂದಳು, ಅದೇ ಸಾಕಷ್ಟು ದೊಡ್ಡದು.

ಅದಕ್ಕೂ ಮೊದಲು ಚೀನಾದಲ್ಲಿ ಹತ್ತಿಯೇ ಇರಲಿಲ್ವಾ? ಭಾರತಕ್ಕೂ ಇದಕ್ಕೂ ನಂಟು ಇದೆಯಾ?

ಇತ್ತು, ಆದರೆ ಅಂಚುಗಳಲ್ಲಿ. ದಕ್ಷಿಣದಲ್ಲಿ ಹಾಯ್‌ನಾನ್, ಗ್ವಾಂಗ್‌ಡೋಂಗ್, ಫುಜಿಯಾನ್, ಯುನ್ನಾನ್. ವಾಯವ್ಯದಲ್ಲಿ ಶಿನ್‌ಜಿಯಾಂಗ್. ನಡುನಾಡಿನಲ್ಲಿ ಶ್ರೀಮಂತರಿಗೆ ರೇಷ್ಮೆ, ಬಡವರಿಗೆ ಸೆಣಬಿನಂಥ ನಾರಿನ ಬಟ್ಟೆ. ನಾರಿನ ಬಟ್ಟೆ ಬೇಸಿಗೆಗೆ ಚೆನ್ನ, ಆದರೆ ಚಳಿ ತಡೆಯುವುದಿಲ್ಲ. ಹತ್ತಿ ಬಂದದ್ದು ಬಡವರ ಮೈ ಬೆಚ್ಚಗಾದ ಸುದ್ದಿ.

ಇಷ್ಟು ತಡ ಯಾಕೆಂದರೆ, ದಕ್ಷಿಣದಲ್ಲಿ ಬೆಳೆಯುತ್ತಿದ್ದುದು ವರ್ಷಗಟ್ಟಲೆ ನಿಲ್ಲುವ ಮರಹತ್ತಿ. ಅದಕ್ಕೆ ಚಳಿ ಆಗದು. ಒಂದೇ ವರ್ಷದಲ್ಲಿ ಫಸಲು ಕೊಡುವ ತಳಿ ಬಂದ ಮೇಲೆಯೇ ಯಾಂಗ್‌ಜಿ ನದಿಯ ಕಡೆ ಹತ್ತಿ ಬೇರೂರಿತು.

ಭಾರತದ ನಂಟು ಇಲ್ಲೇ ಬರುತ್ತದೆ. ಆ ಮರಹತ್ತಿಯ ತವರು ನಮ್ಮ ಉಪಖಂಡ. ಸಿಂಧೂ ಕಣಿವೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಹತ್ತಿ ನೂತಿದ್ದರು. ಅಲ್ಲಿಂದ ಆಗ್ನೇಯ ಏಷ್ಯಾದ ದಾರಿಯಾಗಿ ಅದು ದಕ್ಷಿಣ ಚೀನಾ ಸೇರಿತು. ಹುವಾಂಗ್ ದಾವ್‌ಪೊ ಯಾಜೌದಲ್ಲಿ ಕೈಯಲ್ಲಿ ಹಿಡಿದ ಹತ್ತಿಯ ಮೂಲ ಹುಡುಕುತ್ತಾ ಹೋದರೆ ನಮ್ಮ ಕಡೆಗೇ ಬರುತ್ತೇವೆ.

ಇಷ್ಟೆಲ್ಲ ಒಬ್ಬಳಿಂದಲೇ ಆಯಿತಾ?

ಇಲ್ಲ. ವೂನಿಜಿಂಗ್‌ನವರು ಆಕೆ ಬರುವ ಮುಂಚೆಯೇ ದಕ್ಷಿಣದಿಂದ ಹತ್ತಿ ಬೀಜ ತರಿಸಿ ಬಿತ್ತಿದ್ದರು. ಬೆಳೆ ಇತ್ತು, ಕೈಚಳಕ ಇರಲಿಲ್ಲ. ಸರ್ಕಾರವೂ ಹತ್ತಿಯ ಬೆನ್ನು ಹತ್ತಿತ್ತು. 1289ರಲ್ಲಿ ಕುಬ್ಲಾಯ್ ಖಾನನ ಆಡಳಿತ ಐದು ಪ್ರಾಂತಗಳಲ್ಲಿ ಹತ್ತಿಗೆಂದೇ ಕಚೇರಿ ತೆರೆದು, ವರ್ಷಕ್ಕೆ ಒಂದು ಲಕ್ಷ ಥಾನು ಬಟ್ಟೆ ವಸೂಲಿಗೆ ಹೊರಟಿತು. ಎರಡು ವರ್ಷದಲ್ಲಿ ಕಚೇರಿ ಮುಚ್ಚಿತು. 1296ರಲ್ಲಿ ಹತ್ತಿಬಟ್ಟೆ ಬೇಸಿಗೆ ತೆರಿಗೆಯಲ್ಲೇ ಸೇರಿತು. ಆಕೆ ಊರಿಗೆ ಬಂದದ್ದು ಸರಿಯಾಗಿ ಇದೇ ಹೊತ್ತಿಗೆ. ಬಟ್ಟೆ ಕೊಡಲೇಬೇಕಾದ ಒತ್ತಡ ಒಂದು ಕಡೆ, ಬೇಗ ನೇಯಲು ಗೊತ್ತಿಲ್ಲದ ಕಷ್ಟ ಇನ್ನೊಂದು ಕಡೆ. ಆಕೆಯ ಪಾಠಕ್ಕೆ ಊರು ಯಾಕೆ ಹಾಗೆ ಮುಗಿಬಿತ್ತು ಎಂಬುದು ಆಗ ಅರ್ಥವಾಗುತ್ತದೆ. ಮುಂದೆ ಮಿಂಗ್ ವಂಶದ ಸ್ಥಾಪಕ ಒಂದು ಮಿತಿಗಿಂತ ಹೆಚ್ಚು ಜಮೀನಿದ್ದ ಪ್ರತಿ ರೈತನೂ ಅದರ ಒಂದು ಭಾಗದಲ್ಲಿ ಹತ್ತಿ ಬೆಳೆಯಲೇಬೇಕು ಎಂದು ಆಜ್ಞೆ ಮಾಡಿದ. ಆಗ ಸೋಂಗ್‌ಜಿಯಾಂಗ್ ಬಟ್ಟೆ ಎಷ್ಟು ಕೊಂಡರೂ ಮುಗಿಯದು ಎಂಬ ಮಾತೇ ಹುಟ್ಟಿಕೊಂಡಿತು.

ಇಂದಿಗೂ ಜನ ನೆನೆಯುತ್ತಾರಾ?

ಶಾಂಘಾಯ್ ಕಡೆ ಚೆನ್ನಾಗಿಯೇ. ‘ಹುವಾಂಗ್ ಅಜ್ಜೀ, ನೂಲುವುದು ಕಲಿಸು, ನೇಯುವುದು ಕಲಿಸು’ ಎಂಬ ಅರ್ಥದ ಮಕ್ಕಳ ಪದ್ಯ ಇದೆ. ಹತ್ತಿಯ ಕೆಲಸದವರು ಆಕೆಯನ್ನು ಕುಲದೇವತೆಯ ಹಾಗೆ ಪೂಜಿಸಿದರು. 1980ರಲ್ಲಿ ಪ್ರಾಚೀನ ವಿಜ್ಞಾನಿಗಳ ಅಂಚೆಚೀಟಿ ಸರಣಿಯಲ್ಲಿ ಶು ಗ್ವಾಂಗ್‌ಚಿ, ಲೀ ಬಿಂಗ್, ಜಿಯಾ ಸಿಶಿಯೆ ಜೊತೆ ಆಕೆಯ ಚಿತ್ರವೂ ಬಂತು. ನಾಲ್ವರಲ್ಲಿ ಹೆಂಗಸು ಆಕೆಯೊಬ್ಬಳೇ. ವೂನಿಜಿಂಗ್‌ನ ಕೈಮಗ್ಗದ ಹತ್ತಿ ಕಸುಬು 2006ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಗೇ ಸೇರಿತು.

ಲೀ ಜನರ ನೇಯ್ಗೆ ಈಗ ಹೇಗಿದೆ?

ಅಳಿವಿನ ಅಂಚಿಗೆ ಹೋಗಿ ಚೇತರಿಸಿಕೊಂಡಿದೆ. 2009ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ಬಲ್ಲ ಹೆಂಗಸರು ವಯಸ್ಸಾಗಿ ತೀರಿಕೊಳ್ಳುತ್ತಿದ್ದರು, ಕಲಿಯುವವರು ಬರುತ್ತಿರಲಿಲ್ಲ. ಆಮೇಲೆ ಹಾಯ್‌ನಾನ್‌ನ ಶಾಲೆಗಳಲ್ಲೂ ಹಳ್ಳಿಗಳಲ್ಲೂ ಮತ್ತೆ ಕಲಿಸಲು ಶುರು ಮಾಡಿದರು. 2024ರ ಡಿಸೆಂಬರ್‌ನಲ್ಲಿ ಅದನ್ನು ತುರ್ತು ಪಟ್ಟಿಯಿಂದ ತೆಗೆದು ಸಾಮಾನ್ಯ ಪ್ರಾತಿನಿಧಿಕ ಪಟ್ಟಿಗೆ ಬದಲಾಯಿಸಿದರು. ಇಂಥ ಬದಲಾವಣೆ ಅಪರೂಪ. ಓದಿದಾಗ ತುಂಬ ಖುಷಿಯಾಯಿತು.

ಚೀನಾಕ್ಕೆ ಹೋದರೆ ಏನು ನೋಡಬಹುದು?

ಶಾಂಘಾಯ್‌ನ ಹುವಾಜಿಂಗ್‌ನಲ್ಲಿ ಆಕೆಯ ಸಮಾಧಿ ಇದೆ. 1957ರಲ್ಲಿ ದುರಸ್ತಿ ಮಾಡಿ ಕಟ್ಟಿದ್ದು. ಪಕ್ಕದಲ್ಲೇ ಸ್ಮಾರಕ ಭವನ, ಹಳೆಯ ರಾಟೆ, ಮಗ್ಗ, ಬಟ್ಟೆ ಎಲ್ಲ ಅಲ್ಲಿವೆ. ಶಾಂಘಾಯ್ ಸಸ್ಯೋದ್ಯಾನದ ಒಳಗೆ ಆಕೆಯ ಹೆಸರಿನ ಗುಡಿಯೂ ಇದೆ. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಹಾಯ್‌ನಾನ್‌ಗೆ ಹೋಗುವವರು ಸಾನ್ಯಾ ಬೀಚಿನಲ್ಲೇ ಉಳಿಯದೆ ಹಳೆಯ ಯಾಜೌ ಪಟ್ಟಣಕ್ಕೆ ಹೋಗಿ ಬನ್ನಿ, ಅದೂ ಸಾನ್ಯಾ ನಗರದ ವ್ಯಾಪ್ತಿಯಲ್ಲೇ ಇದೆ. ದ್ವೀಪದ ರಾಜಧಾನಿ ಹಾಯ್‌ಕೌನ ಹಾಯ್‌ನಾನ್ ಮ್ಯೂಸಿಯಂನಲ್ಲಿ ಲೀ ಬಟ್ಟೆಗಳಿವೆ. ಸಮಯ ಕಡಿಮೆ ಇದ್ದರೆ ಬೇರೆಲ್ಲ ಬಿಟ್ಟು ಇದನ್ನೇ ನೋಡಿ.